ನೆಲ ಡೊಂಕೇ ಇತ್ತು

ತಿಲಕ್ ನಗರ,
೯ ನವೆಂಬರ್ ೨೦೨೫, ಭಾನುವಾರ ಸಂಜೆ

ರಾಜು ಅವರಿಗೆ,

ನಮೋ ಬುದ್ಧಾಯ.

ಹೆಸರಿನ ಹಿಂದೆ ಏನು ಹಾಕಬೇಕೆಂದು ತಿಳಿಯದೆ ಅರ್ಧ ಗಂಟೆ ಪೆನ್ನು ಕಚ್ಚುತ್ತ ಕೂತಿದ್ದೆ. ‘ಪ್ರೀತಿಯ’ ಅಂತ ಬರೆದರೆ ಏಳು ತಿಂಗಳು ಅದು ಎಲ್ಲಿ ಹೋಗಿತ್ತು ಅಂತ ನೀವು ಕೇಳುತ್ತೀರಿ. ‘ಮಾನ್ಯರೇ’ ಅಂದರೆ ವಾರ್ಡ್ ಆಫೀಸಿಗೆ ಚರಂಡಿ ಅರ್ಜಿ ಕೊಟ್ಟ ಹಾಗಾಗುತ್ತದೆ. ಮನೆಯಲ್ಲಿ ಕರೆಯುತ್ತಿದ್ದ ‘ರೀ’ಯನ್ನೂ ಬರೆದು ನೋಡಿದೆ. ಕಾಗದದ ಮೇಲೆ ಅದು ಇನ್ಯಾರದೋ ಗಂಡನನ್ನು ಕೂಗಿದ ಹಾಗೆ ಕಂಡಿತು. ಆದ್ದರಿಂದ ಬರೀ ಹೆಸರು ಬರೆದಿದ್ದೇನೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀವು ‘ಹೂಂ’ ಅನ್ನುತ್ತೀರಿ, ನಾನು ‘ಸರಿ’ ಅನ್ನುತ್ತೇನೆ, ಗ್ಯಾಸ್ ಬುಕ್ ಮಾಡಿದ ವಿಷಯ ಮುಗಿದು ಇಬ್ಬರೂ ಇಟ್ಟುಬಿಡುತ್ತೇವೆ. ವಾಟ್ಸಾಪಿನಲ್ಲಿ ಬರೆದರೆ ಕಳಿಸಿದ ಎರಡೇ ನಿಮಿಷಕ್ಕೆ ಅಳಿಸಿ ಹಾಕುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಕಾಗದವನ್ನು ಹಾಗೆ ಮಾಡಲು ಬರುವುದಿಲ್ಲ. ನಿಮ್ಮ ಕೈಗೆ ಬಂದ ಮೇಲೆ ಅದು ನಿಮ್ಮದು.

ವಿಷಯಕ್ಕೆ ಬರುತ್ತೇನೆ. ನಾಳೆಯಿಂದ ಗೋಡೌನ್ ಸೈಟಿಗೆ ಬೇರೆಯವರ ರೋಲರ್ ಬರುತ್ತದಂತೆ. ಸಿದ್ದರಾಜುಗೆ ಇನ್ನು ಮೇಲೆ ಕೆಲಸ ಕೊಡಬೇಡಿ ಅಂತ ಓನರ್ ಗುಂಡಣ್ಣನವರು ನಾಲ್ಕು ಜನ ಕಂಟ್ರಾಕ್ಟರುಗಳಿಗೆ ಹೇಳಿದ್ದಾರಂತೆ. ನಮ್ಮ ಲ್ಯಾಬಿನ ಸೋಮನಾಥ್ ಶುಕ್ರವಾರ ಬಂದು ಹೇಳಿದ. ಈ ಊರಲ್ಲಿ ಮಣ್ಣಿನ ಕೆಲಸ ಮಾಡುವವರು ಎಷ್ಟು ಜನ, ಒಂದು ಕಡೆ ಹೆಸರು ಕೆಟ್ಟರೆ ಬನ್ನೇರುಘಟ್ಟ ರಸ್ತೆಯ ತುದಿವರೆಗೂ ಕೆಡುತ್ತದೆ. ಹದಿನಾರು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ನಿಮ್ಮದು. ರಾಜಣ್ಣ ರೋಲರ್ ಓಡಿಸಿದ ನೆಲವನ್ನು ಮತ್ತೆ ನೋಡೋ ಹಾಗಿಲ್ಲ ಅಂತ ನನಗೆ ನಿಮ್ಮ ಪರಿಚಯವಾಗುವ ಮುಂಚೆಯೇ ಜನ ಹೇಳುತ್ತಿದ್ದರು.

ತಪ್ಪು ನಿಮ್ಮ ರೋಲರಿನದಲ್ಲ. ನೆಲದ್ದು. ಆ ನೆಲ ಹಾಗಿದೆ ಅಂತ ಯಾರಿಗೂ ಗೊತ್ತಾಗದೇ ಹೋದದ್ದು ನನ್ನಿಂದ. ಇದನ್ನು ಬರೆಯಲು ಇಷ್ಟು ಹೊತ್ತು ಬೇಕಾಯಿತು.

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಾಲಾಗಿ ಬರೆದರೆ ನನಗಾದರೂ ಅರ್ಥವಾದೀತು. ಮೂರು ವಾರದಿಂದ ತಲೆ ಕಲಸಿದ ಅನ್ನದ ಹಾಗಾಗಿದೆ.

ಆಗಸ್ಟಿನಲ್ಲಿ ಆ ಜಾಗದ ಮಣ್ಣು ಪರೀಕ್ಷೆ ನಮ್ಮ ಲ್ಯಾಬಿಗೆ ಬಂತು. ಜೆ.ಪಿ. ನಗರ ಎಂಟನೇ ಹಂತ ದಾಟಿ, ಎರಡು ಅಪಾರ್ಟ್‌ಮೆಂಟುಗಳ ಹಿಂದೆ ಖಾಲಿ ಬಿದ್ದಿದ್ದ ಒಂದೂಕಾಲು ಎಕರೆ. ಗುಂಡಣ್ಣನವರು ಜಯನಗರದವರು, ಬ್ಯಾಂಕಿನಿಂದ ರಿಟೈರ್ ಆದವರು. ಆನ್‌ಲೈನ್ ಸಾಮಾನಿನ ಕಂಪನಿಗೆ ಬಾಡಿಗೆಗೆ ಕೊಡಲು ಗೋಡೌನ್ ಕಟ್ಟುತ್ತಿದ್ದಾರೆ. ಐದು ಕಡೆ ಬೋರು ಹೊಡೆದು ಎಷ್ಟು ಅಡಿಗೆ ಎಂಥ ಮಣ್ಣು, ಎಲ್ಲಿ ಗಟ್ಟಿ, ಎಲ್ಲಿ ಕಲ್ಲು ಅಂತ ರಿಪೋರ್ಟ್ ಕೊಡಬೇಕಿತ್ತು. ಐದು ಜಾಗವನ್ನೂ ನಕ್ಷೆಯಲ್ಲಿ ಗುರುತು ಹಾಕಿದ್ದವಳು ನಾನೇ. ಒಂದನೇ ಗುರುತು ಪೂರ್ವದ ಕಡೆ, ಮುಂದೆ ಲಾರಿಗಳು ಹಿಂದಕ್ಕೆ ಬಂದು ಸಾಮಾನು ಇಳಿಸುವ ಕಡೆ. ಎಲ್ಲಕ್ಕಿಂತ ಹೆಚ್ಚು ಭಾರ ಬೀಳುವುದು ಅಲ್ಲೇ, ಅದಕ್ಕೇ ಅದನ್ನು ಮೊದಲನೆಯದಾಗಿ ಇಟ್ಟಿದ್ದೆ.

ಬೋರು ಹೊಡೆಯುವ ಮರೆಪ್ಪ ನಿಮಗೆ ಗೊತ್ತು, ರಾಯಚೂರಿನವನು. ಅವನ ಗ್ಯಾಂಗು ಬಂದು, ಹಗ್ಗದಲ್ಲಿ ಗುಂಡು ಎತ್ತಿ ಬಿಡುವ ಮೂರುಕಾಲಿನ ಚೌಕಟ್ಟು ಇಳಿಸುವಷ್ಟರಲ್ಲಿ ಗುಂಡಣ್ಣನವರು ಮನೆಮಂದಿಯ ಜೊತೆ ಬೆಳ್ಳಿ ತಟ್ಟೆ ಹಿಡಿದು ಬಂದರು. ನಾನು ಭೂಮಿಪೂಜೆ ಕಟ್ಟಡ ಶುರುವಾಗುವಾಗ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ‘ಭೂಮಿತಾಯಿ ಮೈಗೆ ಮೊದಲ್ನೇ ಕಬ್ಬಿಣ ತಾಗೋದು ಇವತ್ತೇ ಅಲ್ವೇನಮ್ಮಾ’ ಅಂದರು. ಈಶಾನ್ಯ ಮೂಲೆಯಲ್ಲಿ ಹಳೇ ಗಡಿಕಲ್ಲಿನ ಪಕ್ಕ ಪೂಜೆಯಾಯಿತು. ಕಾಯಿ ಒಡೆದು ನಿಂಬೆಹಣ್ಣು ಹಿಂಡಿದರು. ಅಲ್ಲಿದ್ದ ಹೆಂಗಸರಲ್ಲಿ ಹೊರಗಿನವಳು ನಾನೊಬ್ಬಳೇ. ಅವರ ಹೆಂಡತಿ ಮೊದಲ ಕುಂಕುಮ ನನಗೇ ಕೊಟ್ಟರು. ಬುದ್ಧವಂದನೆ ಹೇಳಿ ಮದುವೆಯಾದವಳು ನಾನು, ತೆಗೆದುಕೊಳ್ಳಬೇಕೋ ಬೇಡವೋ ಅಂತ ಒಂದು ಕ್ಷಣ ಗೊತ್ತಾಗಲಿಲ್ಲ. ತೆಗೆದುಕೊಂಡೆ. ನಿಜ ಹೇಳುತ್ತೇನೆ, ಖುಷಿಯೂ ಆಯಿತು.

ಪೂಜೆ ಮುಗಿದ ಮೇಲೆ ಮರೆಪ್ಪ ಅಲ್ಲೇ, ಕಾಯಿ ಒಡೆದ ಜಾಗದಲ್ಲೇ ಮೂರುಕಾಲು ನಿಲ್ಲಿಸತೊಡಗಿದ. ನಕ್ಷೆಯ ಜಾಗ ಅಲ್ಲಿಂದ ಹತ್ತು ಹನ್ನೊಂದು ಮೀಟರ್ ದಕ್ಷಿಣಕ್ಕಿತ್ತು. ನಾನು ಹೇಳಿದ್ದಕ್ಕೆ, ‘ಕಾಯಿ ಒಡದ ಜಾಗಾ ಬಿಟ್ಟು ಮೊದಲ್ನೇದು ಬ್ಯಾರೆ ಕಡೆ ಹೊಡದ್ರ ಹಗ್ಗ ಹರೀತದ್ರೀ ಮೇಡಂ’ ಅಂತ ಎಡಗೈ ಎತ್ತಿ ತೋರಿಸಿದ. ಹಿಂದೆ ಯಾವಾಗಲೋ ಹಾಗೆ ಹರಿದ ಹಗ್ಗಕ್ಕೆ ಅವನ ಕಿರುಬೆರಳು ಹೋಗಿದೆ. ಗುಂಡಣ್ಣನವರೂ ಅದು ಸರಿ ಅನ್ನುವಂತೆ ತಲೆಯಾಡಿಸಿದರು.

ಬೇರೆ ಸೈಟಾಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ನನ್ನ ಬಾಯಿ ನಿಮಗೆ ಗೊತ್ತಲ್ಲ. ಆದರೆ ಹಣೆಯಲ್ಲಿ ಅವರ ಮನೆಯ ಕುಂಕುಮ ಇಟ್ಟುಕೊಂಡು, ಕೈಯಲ್ಲಿ ಅವರು ಕೊಟ್ಟ ಕೋಸಂಬರಿ ಹಿಡಿದುಕೊಂಡು, ನಿಮ್ಮ ಪೂಜೆಯ ಜಾಗ ಸರಿಯಿಲ್ಲ ಅಂತ ಹೇಗೆ ಹೇಳಲಿ? ಇವಳಿಗೆ ಪೂಜೆಯ ಬೆಲೆ ಏನು ಗೊತ್ತು ಅನ್ನುವ ಒಂದು ಮುಖ ಎಲ್ಲಿಂದಾದರೂ ತಿರುಗೀತು ಅಂತ ಹೆದರಿದೆ. ಅಂಥ ಮುಖ ಅಲ್ಲಿ ಒಂದೂ ಇರಲಿಲ್ಲ. ಅದು ನನ್ನೊಳಗೆ ಇದ್ದದ್ದು, ಶಾಲೆಯಿಂದ ತಂದುಕೊಂಡದ್ದು. ಮರೆಪ್ಪ ಪಾಪ, ಐದೂ ಮುಗಿದ ಮೇಲೆ ನಕ್ಷೆಯ ಜಾಗಕ್ಕೆ ಆರನೆಯದೊಂದು ಹೊಡೆದುಬಿಡೋಣವಾ ಅಂತ ಕೇಳಿದ. ಎಲ್ಲ ಕಡೆ ಒಂದೇ ಕೆಂಪು ಮಣ್ಣು, ಆರಡಿಗೆಲ್ಲ ಕೊಳೆತ ಕಲ್ಲು ಸಿಗುತ್ತಿತ್ತು. ಹತ್ತು ಮೀಟರಿನಲ್ಲಿ ಏನು ಮಹಾ ಬದಲಾಗುತ್ತದೆ ಅಂತ ಬೇಡ ಅಂದೆ.

ಆಮೇಲೆ ಲಾಗಿನಲ್ಲಿ, ಅಂದರೆ ಬೋರಿನ ಹಾಳೆಯಲ್ಲಿ, ಒಂದನೇ ಬೋರಿನ ಜಾಗ ಅಂತ ನಕ್ಷೆಯಲ್ಲಿದ್ದುದನ್ನೇ ಬರೆದೆ. ‘ಪೂಜೆಯಾದ ಜಾಗ’ ಅಂತ ಬರೆಯಲು ಅಲ್ಲಿ ಕಾಲಂ ಇಲ್ಲ ಅಂತ ನನಗೆ ನಾನೇ ತಮಾಷೆ ಮಾಡಿಕೊಂಡೆ.

ಆ ರಿಪೋರ್ಟ್ ಓದಿಯೇ ನಿಮಗೆ ಕೆಲಸ ಕೊಟ್ಟದ್ದು. ಮೇಲಿನ ಕಸದ ಮಣ್ಣು ತೆಗೆದು, ಮೊರಂ ಗರಸು ಸುರಿದು, ನೀರು ಹಾಕಿ, ಒಂದೊಂದು ಪದರವನ್ನೂ ಎಂಟು ಪಾಸ್ ರೋಲರ್ ಓಡಿಸಿ ಗಟ್ಟಿ ಮಾಡುವುದು. ರೋಲರ್ ನಿಮ್ಮದು ಅಂತ ಅಕ್ಟೋಬರಿನಲ್ಲಿ ಗೊತ್ತಾದಾಗ ನಾನು ಸೈಟಿಗೆ ಬರುವುದನ್ನೇ ನಿಲ್ಲಿಸಿ ಟೆಸ್ಟಿಗೆ ಸೋಮನಾಥನನ್ನು ಕಳಿಸಿದೆ. ಎದುರಿಗೆ ಸಿಕ್ಕರೆ ಏನು ಮಾತಾಡುವುದು? ಊಟ ಆಯ್ತಾ ಅಂತಲಾ?

ಮೊದಲ ಟೆಸ್ಟ್ ಬಂದಾಗ ನಾನು ನಂಬಲಿಲ್ಲ. ಗಟ್ಟಿತನ ನೂರಕ್ಕೆ ತೊಂಬತ್ತೈದಕ್ಕೆ ಮೇಲೆ ಇರಬೇಕಾದ ಕಡೆ ಎಲ್ಲ ತೊಂಬತ್ತೇಳು, ತೊಂಬತ್ತೆಂಟು. ಲಾರಿ ನಿಲ್ಲುವ ಕಡೆ ಮಾತ್ರ ಎಂಬತ್ತಾರು. ಸೋಮನಾಥನಿಗೆ ಬೈದು ಮತ್ತೆ ಕಳಿಸಿದೆ. ಮತ್ತೆ ಎಂಬತ್ತಾರು. ಮಳೆಯಿಂದ ಅಂದುಕೊಂಡೆ, ಒಂದು ವಾರ ಬಿಸಿಲು ಬಿದ್ದು ಒಣಗಿದರೂ ಅದೇ. ಮೊರಂ ಬೇರೆ ಕಡೆಯದಿರಬೇಕು ಅಂದುಕೊಂಡೆ, ಲ್ಯಾಬಿನಲ್ಲಿ ನೋಡಿದರೆ ಅದೇ ಮಣ್ಣು. ಟ್ಯಾಂಕರಿನವನು ಅಲ್ಲಿ ನೀರು ಜಾಸ್ತಿ ಬಿಟ್ಟಿರಬೇಕು ಅಂದುಕೊಂಡೆ. ಪಕ್ಕದ ಅಪಾರ್ಟ್‌ಮೆಂಟಿನ ಪೈಪು ಒಡೆದಿರಬೇಕು ಅಂದುಕೊಂಡೆ, ಅದೂ ಇಲ್ಲ. ದಿನಕ್ಕೊಂದು ಕಾರಣ ಹಿಡಿದು ಬೆಳಿಗ್ಗೆ ನಂಬುತ್ತಿದ್ದೆ, ಸಂಜೆಗೆ ಬಿಡುತ್ತಿದ್ದೆ. ಮೇಲಿನದು ಯಾವುದೂ ಅಲ್ಲ ಅಂದಮೇಲೆ ಕೆಳಗಿನದು ನೋಡಬೇಕು, ಅದು ಮೊದಲ ವರ್ಷದ ಹುಡುಗರಿಗೂ ಗೊತ್ತು. ಆದರೆ ಕೆಳಗೆ ಗಟ್ಟಿ ಇದೆ ಅಂತ ಬರೆದ ಲಾಗು ನನ್ನದು. ಅದರ ಮೇಲೆ ಕಣ್ಣು ಬೀಳದ ಹಾಗೆ ಕಣ್ಣು ತಾನೇ ಜಾರುತ್ತಿತ್ತು. ಪೂಜೆಯ ವಿಷಯ ನೆನಪೇ ಇರಲಿಲ್ಲ ಅಂತ ಬರೆದರೆ ಸುಳ್ಳು, ಇತ್ತು ಅಂದರೂ ಪೂರ್ತಿ ನಿಜವಲ್ಲ.

ನೀವು ‘ಕೆಳಗಡೆ ಅಳ್ಳಾಡ್ತಿದೆ ಸಾರ್, ರೋಲರ್ ಎದ್ದೆದ್ದು ಬೀಳ್ತಿದೆ’ ಅಂತ ಹೇಳಿದ್ದನ್ನು ಸೋಮನಾಥ್ ಹೇಳಿದ್ದ. ಗುಂಡಣ್ಣನವರಿಗೂ ನೀವು ಅದನ್ನೇ ಹೇಳಿದಿರಂತೆ. ಅವರು ರಿಪೋರ್ಟ್ ತೆಗೆದು ತೋರಿಸಿ, ‘ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ’ ಅಂದರಂತೆ. ಎಲ್ಲರೂ ನಕ್ಕರಂತೆ. ಆ ಮಾತು ನನ್ನ ಕಿವಿಗೆ ಬಿದ್ದ ದಿನ ನಾನೂ ಸ್ವಲ್ಪ ನಕ್ಕೆ.

ಅದಾದ ಮೇಲೆ ಲ್ಯಾಬಿನಿಂದ ಎರಡು ಸಾಲಿನ ನೋಟು ಹೋಯಿತು, ಕೆಳಗೆ ನಮ್ಮ ವೆಂಕಟಾಚಲ ಸರ್ ಸಹಿ. ರೋಲರ್ ಸರಿಯಾಗಿ ಓಡಿಲ್ಲ ಅಂತ. ನೀವು ಸರ್‌ಗೆ ಫೋನ್ ಮಾಡಿ ಏನೇನೋ ಅಂದಿರಿ. ಆಮೇಲೆ ಹಟಕ್ಕೆ ಬಿದ್ದು ಆ ಜಾಗದ ಮೇಲೆ ಎಂಟಲ್ಲ, ಇಪ್ಪತ್ತು ಇಪ್ಪತ್ತೈದು ಪಾಸ್ ಓಡಿಸಿದಿರಂತೆ. ಟೆಸ್ಟಿನಲ್ಲಿ ಎಂಬತ್ತೈದು ಬಂತು, ಒಂದು ಕಡಿಮೆಯೇ ಆಯಿತು. ಶುಕ್ರವಾರ ನಿಮ್ಮನ್ನು ನಿಲ್ಲಿಸಿದರು.

ಶನಿವಾರ ಬೆಳಿಗ್ಗೆ ನೀವು ಇರುವುದಿಲ್ಲ ಅಂತ ಖಾತ್ರಿಯಾದ ಮೇಲೆ ನಾನು ಸೈಟಿಗೆ ಹೋದೆ. ಲಾರಿ ಜಾಗದಲ್ಲಿ ಹಿಮ್ಮಡಿ ಊರಿ ಕುಕ್ಕಿದೆ. ಹಾಸಿಗೆಯ ಮೇಲೆ ನಿಂತ ಹಾಗಿತ್ತು. ಒಂದು ಬಕೆಟ್ ನೀರು ಇಟ್ಟು, ಮೊರಂ ಲಾರಿ ಪಕ್ಕದಲ್ಲಿ ಹಾಯುವಾಗ ನೋಡಿದೆ, ನೀರು ಗಡಗಡ ನಡುಗಿತು. ಆಚೆ ಹತ್ತು ಹೆಜ್ಜೆಯಲ್ಲಿ ಇಟ್ಟರೆ ಅಲುಗಲಿಲ್ಲ. ಗಡಿಕಲ್ಲಿನಿಂದ ಟೇಪು ಹಿಡಿದು ಅಳೆದೆ. ಮೆತ್ತಗಿರುವ ಜಾಗದ ನಟ್ಟ ನಡುವೆ ನನ್ನ ನಕ್ಷೆಯ ಒಂದನೇ ಗುರುತು.

ಆಗ ಗೊತ್ತಾಯಿತು. ಆದರೆ ಏನು ಗೊತ್ತಾಯಿತು? ಅಲ್ಲಿ ಏನೋ ಇದೆ ಅಂತ ಅಷ್ಟೇ. ಎರಡಡಿ ಕೆಸರೋ, ಹಳೇ ಚರಂಡಿಯೋ, ಇನ್ನೇನೋ. ಬರೀ ಅನುಮಾನ ಹಿಡಿದು ಹೋದರೆ, ಗಂಡನನ್ನು ಉಳಿಸಲು ಲಾಗು ತಿರುಚುತ್ತಿದ್ದಾಳೆ ಅಂತಾರೆ. ಸುಮ್ಮನಿದ್ದರೆ ನಾಳೆ ಬೇರೆ ರೋಲರ್ ಬಂದು ನಾಲ್ಕು ಪದರ ಮೇಲೆ ಹಾಕಿ ಕಾಂಕ್ರೀಟ್ ಸುರಿಯುತ್ತಾರೆ. ಆಮೇಲೆ ಯಾವ ಲಾರಿ, ಯಾವ ಹಮಾಲಿ ಅದರ ಮೇಲೆ ನಿಂತಾಗ ಕುಸಿಯುತ್ತದೋ. ಟೇಪು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಅಲ್ಲಿಂದ ಸೀದಾ ಸಾರಕ್ಕಿಗೆ, ನಿಮ್ಮ ಮನೆಗೆ ಹೋದೆ. ಅತ್ತೆ ಆ ಕಡೆಯ ಹೊಲಗಳಲ್ಲಿ ಕೂಲಿ ಮಾಡಿದ್ದು ನೆನಪಾಗಿ ಕೇಳಲು ಹೋದೆ ಅಂತ ಬರೆದರೆ ಜಾಣೆ ಅನ್ನಿಸಿಕೊಳ್ಳುತ್ತೇನೆ. ನಿಮಗೆ ಹೇಳಿಬಿಡೋಣ ಅಂತ ಹೋಗಿದ್ದೆ. ನೀವು ಇರಲಿಲ್ಲ. ನಿಮ್ಮ ಚಪ್ಪಲಿ ಬಾಗಿಲಲ್ಲಿ ಇಲ್ಲದ್ದು ನೋಡಿ ಸಮಾಧಾನವಾಯಿತು, ಅದರ ಹಿಂದೆಯೇ ಅಳು ಬಂತು. ಯಾವುದಕ್ಕೆ ಅಂತ ಕೇಳಬೇಡಿ.

ಅತ್ತೆ ಏನೂ ಕೇಳಲಿಲ್ಲ. ‘ಸೊರಗೋಗಿದ್ದೀಯ ಕಣವ್ವ’ ಅಂದು ಮಜ್ಜಿಗೆ ಕೊಟ್ಟರು. ನಾನು ಯಾಕೆ ಮನೆ ಬಿಟ್ಟು ಅಕ್ಕನ ಹತ್ತಿರ ಹೋದೆ ಅಂತ ಇಷ್ಟು ತಿಂಗಳಲ್ಲಿ ಮೂರು ಜನ ಕೇಳಿದ್ದಾರೆ, ಮೂವರಿಗೂ ಬೇರೆ ಬೇರೆ ಕಾರಣ ಹೇಳಿದ್ದೇನೆ. ಅವರೊಬ್ಬರು ಕೇಳಿದ್ದರೆ ಸರಿಯಾದದ್ದು ಬಾಯಿಗೆ ಬರುತ್ತಿತ್ತೋ ಏನೋ. ನೀವು ಹೊಡೆದಿಲ್ಲ, ಬೈದಿಲ್ಲ, ಕುಡಿದಿಲ್ಲ. ನಾಲ್ಕು ದಿನಕ್ಕೆ ಅಂತ ಹೋದೆ, ನೀವು ಕರೆಯಲಿ ಅಂತ ಕಾದೆ, ನಾನೇ ಬರಲಿ ಅಂತ ನೀವು ಕಾದಿರಿ. ಎತ್ತು ಏರಿಗೆ ಕೋಣ ನೀರಿಗೆ ಎಳೆದರೆ ಗಾಡಿ ಎಲ್ಲಿಗೆ ಹೋದೀತು? ಅಲ್ಲೇ ನಿಂತಿದೆ.

ಮಾತಿಗೆ ಮಾತು ಬಂದು ಸೈಟು ಯಾವುದು ಅಂತ ಹೇಳಿದೆ. ಅತ್ತೆ ‘ಗಡಿಕಲ್ಲು ಇನ್ನೂ ಅದೆಯಾ?’ ಅಂತ ಕೇಳಿದರು. ಇದೆ ಅಂದೆ. ‘ಅಂಗಾರೆ ಅಲ್ಲಿ ಬಾವಿ ಇತ್ತಲ್ಲವ್ವ’ ಅಂದರು.

ಇದನ್ನು ಅವರು ನಿಮಗೆ ಯಾವತ್ತಾದರೂ ಹೇಳಿದ್ದಾರಾ? ಮದುವೆಯಾಗಿ ಸಾರಕ್ಕಿಗೆ ಬಂದ ಹೊಸದರಲ್ಲಿ ಅವರ ಅತ್ತೆಯ ಜೊತೆ ಅಲ್ಲಿಗೆ ಕನಕಾಂಬರ ಬಿಡಿಸಲು ಹೋಗುತ್ತಿದ್ದರಂತೆ. ಹದಿನೇಳು ವರ್ಷವಂತೆ ಆಗ. ಹೊಲದ ಒಳಗೆ, ಎತ್ತು ಕಟ್ಟಿ ನೀರೆತ್ತುವ ಅಗಲವಾದ ಕಪಿಲೆ ಬಾವಿ. ನಮ್ಮವರು ಗಡಿಕಲ್ಲು ದಾಟಿ ಬಾವಿಯ ಕಡೆ ಹೋಗುವ ಹಾಗಿರಲಿಲ್ಲ. ಕಲ್ಲಿನ ಹತ್ತಿರ ಬುತ್ತಿ ಇಟ್ಟುಕೊಂಡು ಕಾಯಬೇಕು, ಯಾರಾದರೂ ಬಿಂದಿಗೆ ತಂದು ಮೇಲಿಂದ ಬೊಗಸೆಗೆ ಹುಯ್ಯಬೇಕು. ಒಂದು ದಿನ ಎಲ್ಲರೂ ಯಾವುದೋ ತಿಥಿಯ ಊಟಕ್ಕೆ ಹೋಗಿದ್ದಾಗ ಅತ್ತೆ ಒಬ್ಬರೇ ಹೋಗಿ ಬಾವಿಗೆ ಬಗ್ಗಿ ನೋಡಿ ಬಂದರಂತೆ. ಕಲ್ಲಿನಿಂದ ಹದಿನೆಂಟು ಹೆಜ್ಜೆ. ನಲವತ್ತೆಂಟು ವರ್ಷವಾದ ಮೇಲೆ ಅದು ಹೇಗೆ ನೆನಪಿದೆ ಅಂತ ಕೇಳಿದೆ. ‘ಯಾರಾರ ಬಂದ್ರೆ ಓಡ್ಬೇಕಲ್ಲವ್ವ, ಎಷ್ಟು ದೂರ ಓಡ್ಬೇಕು ಅಂತ ಗೊತ್ತಿರ್ಲಿ ಅಂತ ಎಣಿಸ್ಕೊಂಡೇ ಹೋದೆ’ ಅಂದರು.

ಆಮೇಲೆ ಬಡಾವಣೆಗಳು ಬಂದಾಗ ಮನೆ ಒಡೆದ ಇಟ್ಟಿಗೆ, ಗಾರೆ ಎಲ್ಲ ತಂದು ಬಾವಿಗೆ ಸುರಿದರಂತೆ. ಕಂದಾಯದ ಯಾವ ನಕ್ಷೆಯಲ್ಲೂ ನನಗೆ ಅದು ಕಂಡಿಲ್ಲ. ನಾನು ಓದಿದ ಓದೆಲ್ಲ ಒಂದು ಕಡೆ, ಒಬ್ಬ ಹುಡುಗಿ ಹೆದರಿಕೊಂಡು ಎಣಿಸಿದ ಹೆಜ್ಜೆ ಒಂದು ಕಡೆ.

ಈಗ ನಿಮಗೆ ಸಿಟ್ಟು ಬರುವ ವಿಷಯ. ಇವತ್ತು ಬೆಳಿಗ್ಗೆ ಅತ್ತೆ ಬುದ್ಧ ವಿಹಾರಕ್ಕೆ ಹೋಗಿದ್ದಲ್ಲ. ನನ್ನ ಸ್ಕೂಟರಿನ ಹಿಂದೆ ಕೂತು ಸೈಟಿಗೆ ಬಂದಿದ್ದರು. ಅವರನ್ನು ಬೈಯಬೇಡಿ, ನಿಮಗೆ ಹೇಳಬೇಡಿ ಅಂತ ಕೇಳಿಕೊಂಡವಳು ನಾನು. ಮರೆಪ್ಪನಿಗೆ ರಾತ್ರಿಯೇ ಫೋನ್ ಮಾಡಿದ್ದೆ. ಅವನು ಒಂದು ಪ್ರಶ್ನೆಯನ್ನೂ ಕೇಳದೆ, ‘ಆರನೇದು ಏನ್ರೀ ಮೇಡಂ’ ಅಂದು ಗ್ಯಾಂಗು ಕಟ್ಟಿಕೊಂಡು ಬಂದ.

ಅತ್ತೆ ಗಡಿಕಲ್ಲಿಗೆ ಬೆನ್ನು ಕೊಟ್ಟು ನಿಂತರು. ಸೀರೆ ನೆರಿಗೆ ಎತ್ತಿ ಹಿಡಿದು ನಡೆದರು. ಹದಿನೆಂಟನೆಯ ಹೆಜ್ಜೆಗೆ ನಿಂತು, ಮಂಡಿನೋವಿನಿಂದ ಈಗಿನ ಹೆಜ್ಜೆ ಗಿಡ್ಡ ಅಂತ ಇನ್ನೆರಡು ಹೆಜ್ಜೆ ಮುಂದೆ ಹೋದರು. ಅಲ್ಲಿ ಕಾಲು ಒತ್ತಿ, ‘ಇಲ್ಲಿ ನೋಡವ್ವ’ ಅಂದರು. ಮರೆಪ್ಪ ಜೇಬಿನಿಂದ ನಿಂಬೆಹಣ್ಣು ತೆಗೆದು ಅನುಮಾನದಿಂದ ನಮ್ಮಿಬ್ಬರನ್ನೂ ನೋಡಿದ. ‘ಹಿಂಡ್ಕಳಪ್ಪ, ನಿನ್ ಹಗ್ಗ ನಿನಗೆ’ ಅಂತ ಅತ್ತೆ ಅಂದಾಗ ಗ್ಯಾಂಗಿನವರೆಲ್ಲ ನಕ್ಕರು.

ನಾಲ್ಕಡಿವರೆಗೆ ನಿಮ್ಮ ಮೊರಂ, ಕಲ್ಲಿನ ಹಾಗಿರಬೇಕಾದದ್ದು ಬಿರುಕು ಬಿಟ್ಟಿತ್ತು. ಅದರ ಕೆಳಗೆ ಇಟ್ಟಿಗೆ ಚೂರು, ಹೆಂಚು, ಒಂದು ಹವಾಯಿ ಚಪ್ಪಲಿಯ ಪಟ್ಟಿ. ಹದಿನಾಲ್ಕಡಿಯಿಂದ ಕರೀ ಕೆಸರು, ವಾಸನೆ. ಅರವತ್ತು ಚಿಲ್ಲರೆ ಕೇಜಿಯ ಗುಂಡು ಎತ್ತಿ ಬಿಟ್ಟರೆ ಒಂದಡಿ ಇಳಿಯಲು ಇಪ್ಪತ್ತು ಮೂವತ್ತು ಏಟು ಬೇಕಾಗುವ ಕಡೆ ಒಂದೇ ಏಟಿಗೆ ರಾಡು ಒಂದೂವರೆ ಅಡಿ ಹೋಯಿತು. ಮರೆಪ್ಪನ ಕೈ ಹಗ್ಗದ ಮೇಲೆ ಹಾಗೇ ನಿಂತುಬಿಟ್ಟಿತು. ಮೂವತ್ತೊಂದು ಅಡಿಗೆ ಕಲ್ಲು ಸಿಕ್ಕಿತು. ಏಟುಗಳ ಕಾಲಂನಲ್ಲಿ ‘ಒಂದು’ ಅಂತ ಬರೆದೆ. ಇಷ್ಟು ವರ್ಷದಲ್ಲಿ ಅಂಥ ಅಂಕಿ ಬರೆದಿರಲಿಲ್ಲ.

ಆಗ ನೀವು ಅದರ ಮೇಲೆ ಇಪ್ಪತ್ತೈದು ಸಲ ಓಡಾಡಿದ್ದು ನೆನಪಾಯಿತು. ಹತ್ತು ಟನ್ ರೋಲರ್, ಕೆಳಗೆ ಮೂವತ್ತು ಅಡಿ ಬಾವಿ, ನಡುವೆ ನಾಲ್ಕಡಿ ಮಣ್ಣು. ಅಲ್ಲೇ ಕೂತೆ. ಅತ್ತೆ ಬಿಸಿಲಿಗೆ ಅಂದುಕೊಂಡು ಸೆರಗಿನಿಂದ ಗಾಳಿ ಹಾಕಿದರು. ನಿಮ್ಮ ಮೇಲೆ ಕೋಪವೂ ಬಂತು. ಅಳ್ಳಾಡುತ್ತಿದೆ ಅಂತ ಗೊತ್ತಿದ್ದೂ ಯಾಕೆ ಓಡಿಸಿದಿರಿ? ಯಾರೂ ನಂಬದಿದ್ದರೆ ಏನಾಗುತ್ತಿತ್ತು? ನನಗೆ ಇದು ಅರ್ಥವಾಗುವುದಿಲ್ಲ ರಾಜು, ಗಂಡಸರ ಹಟವೋ, ಕೆಲಸದ ಮರ್ಯಾದೆಯೋ. ನಿಮಗೇನಾದರೂ ಆಗಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಆ ಮನೆ ಬಾಗಿಲಿಗೆ ಬರುತ್ತಿದ್ದೆ? ಹೆಂಡತಿಯಾಗಿಯಾ, ಲ್ಯಾಬಿನವಳಾಗಿಯಾ?

ಮಧ್ಯಾಹ್ನ ಹೊಸ ಲಾಗನ್ನೂ, ಹಳೆಯದು ತಪ್ಪು ಜಾಗದ್ದು, ಅದನ್ನು ಗೊತ್ತಿದ್ದೇ ಹಾಗೆ ಬರೆದೆ ಅನ್ನುವ ಪತ್ರವನ್ನೂ ವೆಂಕಟಾಚಲ ಸರ್‌ಗೆ ಕಳಿಸಿದೆ. ‘ಬೆಳಿಗ್ಗೆ ಎಂಟಕ್ಕೆ ಬಾ’ ಅಂತ ಉತ್ತರ ಬಂದಿದೆ, ಅಷ್ಟೇ. ಕೆಲಸ ಉಳಿಯುತ್ತದೋ ಹೋಗುತ್ತದೋ ಗೊತ್ತಿಲ್ಲ. ಹತ್ತು ಗಂಟೆಗೆ ಗುಂಡಣ್ಣನವರು ಸೈಟಿಗೆ ಬರುತ್ತಾರೆ. ಅವರ ಪೂಜೆಯಿಂದ ಹೀಗಾಯಿತು ಅನ್ನುವ ಒಂದು ಮಾತೂ ನನ್ನ ಬಾಯಿಂದ ಬರುವುದಿಲ್ಲ. ಅವರು ಪೂಜೆ ಮಾಡಿದರು, ಮರೆಪ್ಪ ಅವನ ಪದ್ಧತಿ ಪಾಲಿಸಿದ. ಸುಳ್ಳು ಬರೆದದ್ದು ನಾನೊಬ್ಬಳೇ. ನಿಮ್ಮನ್ನು ನೋಡಿ ನಕ್ಕವರ ಎದುರಿಗೇ ಇದನ್ನು ಹೇಳುತ್ತೇನೆ, ನೀವು ಹೇಳಿದ್ದೇ ಸರಿ ಅಂತಲೂ ಹೇಳುತ್ತೇನೆ. ಆ ನಾಲ್ಕು ಕಂಟ್ರಾಕ್ಟರುಗಳಿಗೂ ಅವರೇ ಫೋನ್ ಮಾಡಬೇಕು, ಅದನ್ನು ಕೇಳದೆ ಅಲ್ಲಿಂದ ಬರುವುದಿಲ್ಲ. ನೀವು ಬಂದರೆ ಬನ್ನಿ.

ಇದು ತಪ್ಪೊಪ್ಪಿಗೆಯೋ, ನನ್ನನ್ನು ಮನೆಗೆ ಕರೀರಿ ಅನ್ನುವ ಅರ್ಜಿಯೋ ಅಂತ ಬರೆಯುತ್ತ ಬರೆಯುತ್ತ ನನಗೇ ಗೊಂದಲವಾಗಿದೆ. ಎರಡನ್ನೂ ಒಂದೇ ಕವರಿನಲ್ಲಿ ಹಾಕುವುದು ತಪ್ಪಿರಬೇಕು. ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡಿ. ಈಗಲೇ ಬಂದು ಅತ್ತೆಯ ಕೈಗೆ ಇದನ್ನು ಕೊಟ್ಟು ಹೋಗುತ್ತೇನೆ, ಒಳಗೆ ಬರುವುದಿಲ್ಲ.

ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂದುಕೊಂಡಿದ್ದೇನೆ.

ಇನ್ನೂ ನಿಮ್ಮ ರೇಷನ್ ಕಾರ್ಡಿನಲ್ಲಿರುವ,
ಸುಧಾಮಣಿ

ಮರೆತ ಮಾತು: ಮರೆತಿರಲಿಲ್ಲ. ಸಹಿ ಹಾಕಿ, ಕವರು ಅಂಟಿಸಿ, ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ಆ ಎರಡು ಸಾಲಿನ ನೋಟು ವೆಂಕಟಾಚಲ ಸರ್ ಬರೆದದ್ದಲ್ಲ. ಅವರು ನನ್ನ ಮಾತು ನಂಬಿ ಸಹಿ ಮಾಡಿದರು ಅಷ್ಟೇ. ‘ರೋಲರ್ ಚಾಲಕರು ನಿಗದಿತ ಪಾಸುಗಳನ್ನು ಪೂರೈಸಿರುವಂತೆ ಕಾಣುವುದಿಲ್ಲ’ ಅನ್ನುವ ವಾಕ್ಯ ನನ್ನದು. ನೀವು ಫೋನಿನಲ್ಲಿ ಅವರಿಗೆ ಬೈಯುವಾಗ ನಾನು ಎದುರಿಗೇ ಕೂತಿದ್ದೆ. ಅವರು ನನ್ನ ಹೆಸರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಆ ನೋಟಿಗೇ ಅಲ್ಲವೇ ನೀವು ಹಟಕ್ಕೆ ಬಿದ್ದು ಬಾವಿಯ ಮೇಲೆ ಇಪ್ಪತ್ತೈದು ಸಲ ಓಡಿಸಿದ್ದು. ಅದನ್ನೂ ನಾಳೆ ಎಲ್ಲರೆದುರು ಓದುತ್ತೇನೆ. ಮದುವೆಯಾಗಿ ಐದು ವರ್ಷ, ನೀವು ಒಂದೇ ಒಂದು ಪಾಸ್ ಕಡಿಮೆ ಓಡಿಸಿದ್ದನ್ನು ನಾನು ಕಂಡಿಲ್ಲ. ಆ ವಾಕ್ಯ ಬರೆಯುವಾಗಲೂ ಅದು ನನಗೆ ಗೊತ್ತಿತ್ತು.